ಮಲ್ಪೆ ಕಡಲಿನ ಶಿಲಾಸ್ತಂಭಗಳು

ಉಡುಪಿ: ಮಲ್ಪೆಯಿಂದ ದೋಣಿಯಲ್ಲಿ ತೆರಳಿ ಒಂದೇ ದಿನದಲ್ಲಿ ನೋಡಿ ಮರಳಬಹುದಾದ ಅಪೂರ್ವ ತಾಣ ಸೇಂಟ್ ಮೇರೀಸ್ ದ್ವೀಪ. ಇದಕ್ಕೆ ತೋನ್ಸೆಪಾರ್ ಎಂಬ ಹೆಸರೂ ಉಂಟು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಈಗಿನ ಹೆಸರಿಗೆ ಕಾರಣನಾದನೆಂಬುದು ಪ್ರತೀತಿ.

ಉಳಿಯಿಂದ ಕಡೆದು ಜೋಡಿಸಿದಂತೆ ತೋರುವ ಇಲ್ಲಿನ ಕಂಬಗಳು ಮಾನವನಿರ್ಮಿತವಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಲಾವಾರಸ ಹೊರಚೆಲ್ಲಿತು. ಅದು ತಣಿಯುತ್ತ ಕುಗ್ಗಿದಾಗ ಮೇಲ್ಮೈಯಲ್ಲಿ ಮೂಡಿದ ಬಿರುಕುಗಳು ಆಳಕ್ಕಿಳಿದು, ಐದು, ಆರು, ಏಳು ಮುಖಗಳ ಸ್ತಂಭಗಳು ರೂಪುಗೊಂಡವು. ಎರಡು ಭೂಭಾಗಗಳು ಒಂದಾಗಿದ್ದವೆಂಬುದಕ್ಕೆ ಈ ಶಿಲೆಗಳು ಮಹತ್ವದ ಸಾಕ್ಷ್ಯ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೂ ಇದೇ ಮನ್ನಣೆಯಿದೆ.

ಮಳೆಗಾಲದಲ್ಲಿ ದೋಣಿ ಸಂಚಾರ ಸ್ಥಗಿತಗೊಳ್ಳುವುದರಿಂದ ಚಳಿಗಾಲದ ತಿಂಗಳುಗಳು ಪ್ರವಾಸಕ್ಕೆ ಸೂಕ್ತ. ಅಲೆಗಳಿಂದ ತೊಯ್ದ ಬಂಡೆಗಳು ಬಹಳ ಜಾರುತ್ತವೆ. ಇಲ್ಲಿ ನೀರುಪಾಲಾಗಿ ಪ್ರಾಣ ಕಳೆದುಕೊಂಡ ಪ್ರವಾಸಿಗರೂ ಇದ್ದಾರೆ. ಆದ್ದರಿಂದ ನಿಷೇಧಿತ ಅಂಚುಗಳತ್ತ ಸುಳಿಯದಿರುವುದು ಕ್ಷೇಮ. ಹಾಗೆಯೇ, ನೆನಪಿಗೆಂದು ಶಿಲೆಯ ಚೂರನ್ನು ಒಡೆದೊಯ್ಯುವುದು ಸಲ್ಲದು. ಕೋಟ್ಯಂತರ ವರ್ಷ ಉಳಿದುಬಂದ ಕಂಬ ಒಮ್ಮೆ ಮುರಿದರೆ ಮತ್ತೆ ಬೆಳೆಯದು.