ಖಾಲಿ ಜಾಗದ ಲೆಕ್ಕ: ತುಮಕೂರಿನ ಕೆಮ್ಮಿನಿಂದ ಟಿಬಿ ಜೀನಿನ ತನಕ

1/5 👉 ಪೂರ್ತಿ ಓದ್ರಿ, ಅರ್ಧಕ್ಕ ಬಿಡಬ್ಯಾಡ್ರಿ

ದೋಸ್ತರೇ, ಈ ಸಲದ ಇತಿಹಾಸ ರಾಜರದ್ದಲ್ಲ, ಯುದ್ಧದ್ದೂ ಅಲ್ಲ. ಲೆಕ್ಕದ್ದು. ರಿಜಿಸ್ಟರಿನಾಗ ಒಂದು ಜಾಗ ಖಾಲಿ ಐತಿ ಅಂದ್ರ ಅದಕ್ಕ ಏನರ್ಥ? ಈ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತ ನಮ್ಮ ಕರ್ನಾಟಕ ಟಿಬಿ ವಿರುದ್ಧದ ಹೋರಾಟದಲ್ಲಿ ಎರಡು ಸಲ ದೊಡ್ಡ ಕೆಲಸ ಮಾಡೇತಿ.

ಮೊದಲನೇದು. 1960ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ನೆಹರೂ ಉದ್ಘಾಟಿಸಿದರು. ಆಗ ಹಳ್ಳಿಯ ಟಿಬಿ ರೋಗಿಗಳ ಹೆಸರು ಆಸ್ಪತ್ರೆ ದಾಖಲೆಯಲ್ಲಿ ಕಡಿಮೆ. "ಹಳ್ಳಿ ಮಂದಿಗೆ ತಿಳುವಳಿಕೆ ಇಲ್ಲ, ಅವರು ಆಸ್ಪತ್ರೆಗೆ ಬರೋದಿಲ್ಲ" ಅನ್ನೋದು ಸುಲಭದ ಉತ್ತರ. ಆದರೆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ರೋಗಿಗಳನ್ನೇ ಮಾತಾಡಿಸಿದರು. 1963ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿದ್ದೇ ಬೇರೆ. ಅರ್ಧದಷ್ಟು ರೋಗಿಗಳು ಆಗಲೇ ಚಿಕಿತ್ಸೆ ಕೇಳಿಕೊಂಡು ಹೋಗಿದ್ದರು! ಕಫ ಪರೀಕ್ಷೆ ಮಾಡದೆ, ಕೆಮ್ಮಿನ ಔಷಧಿ ಕೊಟ್ಟು ಅವರನ್ನು ವಾಪಸ್ ಕಳಿಸಲಾಗಿತ್ತು.

ಅಂದ್ರ ಖಾಲಿ ಜಾಗ ಹಳ್ಳಿಯವರ ತಪ್ಪಲ್ಲ, ಲೆಕ್ಕ ಇಡೋರದ್ದು. ಖಾಲಿ ಅನ್ನೋದು ಸುಮ್ಮನೆ ಖಾಲಿ ಇರೋದಿಲ್ಲ. ಅದಕ್ಕೊಂದು ಕಾರಣ ಇರ್ತೈತಿ, ಇಲ್ಲಾಂದ್ರ ಅದು ಬರೀ ಆಕಸ್ಮಿಕ. ಯಾವುದು ಅಂತ ಹೇಳೋದೇ ಸ್ಟ್ಯಾಟಿಸ್ಟಿಕ್ಸ್.

2/5 👉 ಬಾರದ ವಿಮಾನಗಳು

ಇದೇ ಪ್ರಶ್ನೆಯನ್ನು ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡದಲ್ಲಿದ್ದ ಅಬ್ರಹಾಂ ವಾಲ್ಡ್ ಬಿಡಿಸಿದ್ದರು. ಯುದ್ಧದಿಂದ ಮರಳಿದ ವಿಮಾನಗಳಲ್ಲಿ ಎಲ್ಲಿ ಗುಂಡಿನ ತೂತು ಇಲ್ಲವೋ ಅದೇ ನಾಜೂಕು ಜಾಗ. ಯಾಕಂದ್ರ ಅಲ್ಲಿ ಗುಂಡು ಬಿದ್ದ ವಿಮಾನಗಳು ಮರಳಿ ಬರಲೇ ಇಲ್ಲ.

ಭಾಳ ಮಂದಿಗೆ ಗೊತ್ತಿಲ್ಲದ ಮಾತು: ಉಪನ್ಯಾಸ ಕೊಡಲು ಭಾರತಕ್ಕೆ ಬಂದಿದ್ದ ವಾಲ್ಡ್ 1950ರ ಡಿಸೆಂಬರ್ 13ರಂದು ನಮ್ಮ ಪಕ್ಕದ ನೀಲಗಿರಿ ಬೆಟ್ಟದಲ್ಲಿ ಹೆಂಡತಿಯ ಜೊತೆ ವಿಮಾನ ಅಪಘಾತದಲ್ಲೇ ತೀರಿಕೊಂಡರು.

ಅವರ ತರ್ಕ ಮಾತ್ರ ಉಳೀತು. ವಿಮಾನದ ಜಾಗದಲ್ಲಿ ಬ್ಯಾಕ್ಟೀರಿಯಾ, ಗುಂಡಿನ ಜಾಗದಲ್ಲಿ ಜಿಗಿಯುವ ಜೀನ್ ಇಟ್ಟು ನೋಡ್ರಿ. ಮುಂದಿನ ಕಥೆ ಅದೇ.

3/5 👉 ಗೋವಿನಜೋಳ ಮತ್ತು ದನದ ನೊಣ

ನಮ್ಮ ಹೊಲದಾಗ ಬೆಳೆಯೋ ಗೋವಿನಜೋಳದಲ್ಲೇ ಇದರ ಬೇರು ಐತಿ. ಕಾಳಿನ ಬಣ್ಣ ಯಾಕೆ ಚುಕ್ಕಿಚುಕ್ಕಿ ಆಗ್ತದೆ ಅಂತ ಹುಡುಕುತ್ತ ಬಾರ್ಬರಾ ಮ್ಯಾಕ್‌ಕ್ಲಿಂಟಾಕ್ 1940ರ ದಶಕದಲ್ಲಿ ಒಂದು ವಿಷಯ ಕಂಡುಕೊಂಡರು: ಕೆಲವು ಡಿಎನ್‌ಎ ತುಂಡುಗಳು ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯುತ್ತವೆ. ಇವೇ ಟ್ರಾನ್ಸ್‌ಪೋಸಾನ್. ಇದಕ್ಕೆ ನೊಬೆಲ್ ಬಂದದ್ದು 1983ರಲ್ಲಿ, ಅವರಿಗೆ 81 ವರ್ಷ ಆದಾಗ!

ದನದ ರಕ್ತ ಹೀರುವ ಒಂದು ಜಾತಿಯ ನೊಣದಲ್ಲಿ ಸಿಕ್ಕ ಹಿಮಾರ್1 ಅನ್ನೋ ಟ್ರಾನ್ಸ್‌ಪೋಸಾನ್ ಟಿಬಿ ಸಂಶೋಧನೆಗೆ ಆಯುಧ ಆಯ್ತು. ಡಿಎನ್‌ಎಯಲ್ಲಿ ಟಿ ಮತ್ತು ಎ ಅಕ್ಷರ ಒಟ್ಟಿಗೆ ಬರುವ ಕಡೆ ಮಾತ್ರ ಅದು ಹೋಗಿ ಕೂರ್ತದೆ. 1998ರಲ್ಲಿ ಪೂರ್ತಿ ಓದಿದ ಟಿಬಿ ಜೀನೋಮಿನಲ್ಲಿ 44 ಲಕ್ಷ ಅಕ್ಷರ, ಸುಮಾರು 4000 ಜೀನ್, ಅಂಥ ಟಿಎ ಜಾಗ ಹತ್ತಿರಹತ್ತಿರ 75 ಸಾವಿರ.

ಲಕ್ಷಗಟ್ಟಲೆ ಬ್ಯಾಕ್ಟೀರಿಯಾಗಳಿಗೆ ಈ ತುಂಡು ಸೇರಿಸಿ ಬೆಳೆಸ್ತಾರೆ. ಜೀನಿನ ನಡುವೆ ತುಂಡು ಹೊಕ್ಕರೆ ಆ ಜೀನ್ ಕೆಟ್ಟಂಗ. ಬದುಕಲು ಬೇಕೇಬೇಕಾದ ಜೀನ್ ಕೆಟ್ಟ ಬ್ಯಾಕ್ಟೀರಿಯಾ ಸಾಯ್ತದೆ, ಉಳಿದವು ಬೆಳೀತಾವ. ಬೆಳೆದವುಗಳಲ್ಲಿ ಎಲ್ಲೂ ತುಂಡು ಕಾಣಿಸದ ಜೀನ್ ಯಾವುದೋ ಅದೇ ಅನಿವಾರ್ಯ ಜೀನ್. ವಾಲ್ಡ್ ಲೆಕ್ಕ, ಸೇಮ್ ಟು ಸೇಮ್!

2003ರಲ್ಲಿ ಹಾರ್ವರ್ಡ್‌ನ ಸ್ಯಾಸೆಟಿ, ರೂಬಿನ್ ತಂಡ ಈ ದಾರಿಯಲ್ಲಿ 614 ಜೀನ್ ಪಟ್ಟಿ ಮಾಡಿತು. 2009ರಲ್ಲಿ ಬೇರೆಬೇರೆ ತಂಡಗಳು ಇದಕ್ಕೆ ಹೊಸ ಸೀಕ್ವೆನ್ಸಿಂಗ್ ಯಂತ್ರ ಜೋಡಿಸಿದ ಮೇಲೆ ಯಾವ ಜಾಗದಲ್ಲಿ ಎಷ್ಟು ತುಂಡು ಅಂತ ಒಂದೊಂದಾಗಿ ಎಣಿಸಬಹುದಾಯ್ತು.

4/5 👉 ಬಿಕಾಂ ಮಂದಿ ಇಲ್ಲಿ ಕಣ್ಣು ಬಿಡ್ರಿ

ಈಗ ಪ್ರಾಬಬಿಲಿಟಿ. ಅರ್ಧದಷ್ಟು ಟಿಎ ಜಾಗಕ್ಕೆ ಮಾತ್ರ ತುಂಡು ಬಿದ್ದಿದೆ ಅಂತ ಇಟ್ಕೊಳ್ರಿ. ಒಂದು ಜಾಗ ಖಾಲಿ ಇರೋ ಸಾಧ್ಯತೆ 1/2. ಚಿಕ್ಕ ಜೀನಿನಲ್ಲಿ ಮೂರೇ ಟಿಎ ಜಾಗ, ಮೂರೂ ಖಾಲಿ. ಬರೀ ಆಕಸ್ಮಿಕವಾಗಿ ಹಂಗಾಗೋ ಸಾಧ್ಯತೆ 1/8. ಇದನ್ನ ನಂಬಿ "ಅನಿವಾರ್ಯ" ಅನ್ನೋಕಾಗಲ್ಲ.

ಸಾಲಾಗಿ 10 ಖಾಲಿ ಇದ್ರೆ? 1/1024. ಭಾಳ ಅಪರೂಪ ಅನಿಸ್ತೈತಿ. ಆದರೆ 75 ಸಾವಿರ ಜಾಗ ನೋಡ್ತಿದ್ದೀವಿ. ಅಷ್ಟರಲ್ಲಿ ಹತ್ತು ಅಥವಾ ಅದಕ್ಕಿಂತ ಉದ್ದದ ಖಾಲಿ ಸಾಲು ಆಕಸ್ಮಿಕವಾಗಿಯೇ ಮೂವತ್ತಕ್ಕೂ ಹೆಚ್ಚು ಕಡೆ ಬರಬಹುದು!

ನಮ್ಮ ಮಾಗಡಿ ಕೆರೆಗೆ ಚಳಿಗಾಲದಾಗ ಬರೋ ಪಟ್ಟೆತಲೆ ಹೆಬ್ಬಾತು ನೋಡ್ರಿ. ಹತ್ತು ಹಕ್ಕಿ ಇಳಿದ ದಿನ ಕೆರೆಯ ಒಂದು ಮೂಲೆ ಖಾಲಿ ಇದ್ರ ಅದು ವಿಶೇಷ ಅಲ್ಲ. ಸಾವಿರಾರು ಇಳಿದು ಕೆರೆ ತುಂಬಿದಾಗಲೂ ಅದೇ ಮೂಲೆ ಖಾಲಿ ಉಳಿದ್ರ, ಅಲ್ಲೇನೋ ಐತಿ.

ಹಂಗಾದ್ರ ಎಷ್ಟು ಉದ್ದದ ಖಾಲಿ ಸಾಲನ್ನ ನಂಬಬೇಕು? ಇದಕ್ಕೆ ಉತ್ತರ ಪ್ರವಾಹದ ಲೆಕ್ಕದಿಂದ ಬಂತು. ಎಮಿಲ್ ಗುಂಬೆಲ್ ಜರ್ಮನಿಯ ಗಣಿತಜ್ಞ. ನಾಜಿಗಳ ವಿರುದ್ಧ ನಿಂತದ್ದಕ್ಕೆ 1932ರಲ್ಲಿ ಹೈಡೆಲ್‌ಬರ್ಗ್‌ನ ಕೆಲಸ ಕಳಕೊಂಡವರು. "ಅತಿ ದೊಡ್ಡದು ಎಷ್ಟು ದೊಡ್ಡದಿರಬಹುದು" ಅನ್ನೋ ಅವರ ಸೂತ್ರವನ್ನ ನದಿ ನೆರೆಯ ಅಂದಾಜಿಗೆ ಬಳಸ್ತಾರೆ. 2019ರಲ್ಲಿ ಮಲಪ್ರಭಾ ನೆರೆ ಕಂಡ ನರಗುಂದದ ಗೆಳೆಯರಿಗೆ ಇದರ ಬೆಲೆ ಬ್ಯಾರೆ ಹೇಳಬೇಕಿಲ್ಲ. 2013ರಲ್ಲಿ ಟೆಕ್ಸಾಸ್‌ನ ಮೈಕೆಲ್ ಡಿಜೀಸಸ್, ಥಾಮಸ್ ಅಯೋರ್ಗರ್ ಮತ್ತು ಸಂಗಡಿಗರು ಅದೇ ಗುಂಬೆಲ್ ಸೂತ್ರದಿಂದ ಜೀನಿನ ಖಾಲಿ ಸಾಲುಗಳನ್ನ ಅಳೆದರು. 2017ರಲ್ಲಿ 14 ಪ್ರಯೋಗಗಳ ದತ್ತಾಂಶ ಒಟ್ಟುಗೂಡಿಸಿದಾಗ ಇನ್ನೊಂದು ಗುಟ್ಟು ಬಯಲಾಯ್ತು: ಅಕ್ಕಪಕ್ಕದ ಅಕ್ಷರಗಳ ಕಾರಣಕ್ಕೆ ಕೆಲವು ಟಿಎ ಜಾಗಕ್ಕೆ ಹಿಮಾರ್1 ಕೂರೋದೇ ಕಷ್ಟ. ಅಲ್ಲಿ ಖಾಲಿ ಇದ್ದರೆ ಅದು ಜೀನಿನ ಗುಣ ಅಲ್ಲ, ಎಣಿಸುವ ಸಾಧನದ ದೋಷ. ತುಮಕೂರಿನ ಪಾಠ ನೆನಪಾಯ್ತಲ್ಲ?

5/5 👉 ಬೆಂಗಳೂರಿನ 451

ಎರಡನೇ ದೊಡ್ಡ ಕೆಲಸ ಇದು. 2008ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ರಾಮನ್, ಕಾಳಿದಾಸ್ ಯೇತೂರು ಮತ್ತು ನಾಗಸುಮಾ ಚಂದ್ರ 'ಟಾರ್ಗೆಟ್‌ಟಿಬಿ' ಅನ್ನೋ ವಿಧಾನ ಪ್ರಕಟಿಸಿದರು. ಅನಿವಾರ್ಯ ಜೀನ್ ಗೊತ್ತಾದ್ರೆ ಸಾಲದು. ಆ ಜೀನ್ ಮಾಡುವ ಪ್ರೋಟೀನನ್ನೇ ಹೋಲುವ ಪ್ರೋಟೀನ್ ನಮ್ಮ ದೇಹದಲ್ಲೂ ಇದ್ದರೆ ಔಷಧಿ ರೋಗಾಣುವಿನ ಜೊತೆ ರೋಗಿಗೂ ಹೊಡೀತದೆ. ಅದಕ್ಕೆ ಅವರು ಒಂದಾದ ಮೇಲೊಂದು ಜರಡಿ ಹಿಡಿದರು. ಟ್ರಾನ್ಸ್‌ಪೋಸಾನ್ ಪ್ರಯೋಗದ ಫಲಿತಾಂಶ, ಕಂಪ್ಯೂಟರಿನಲ್ಲಿ ರೋಗಾಣುವಿನ ಚಯಾಪಚಯದ ಲೆಕ್ಕ, ಮನುಷ್ಯರ ಪ್ರೋಟೀನ್ ಜೊತೆ ಹೋಲಿಕೆ, ನಮ್ಮ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಜೊತೆ ಹೋಲಿಕೆ. ಸುಮಾರು 4000ದಲ್ಲಿ ಕೊನೆಗೆ ಉಳಿದದ್ದು 451.

ಗಮನಿಸ್ರಿ: 451 ಔಷಧಿ ಅಲ್ಲ, 451 ಗುರಿ. ಗುರಿಯಿಂದ ಮಾತ್ರೆಯ ತನಕ ದಾರಿ ಭಾಳ ದೂರ.

ಆದರೂ ಈ ಲೆಕ್ಕ ಯಾಕೆ ಬೇಕು? ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್ ಹೊಡೆಯೋದು ಒಂದು ಅನಿವಾರ್ಯ ಜೀನಿನ ಪ್ರೋಟೀನಿಗೇ. ಆ ಜೀನನ್ನು ರೋಗಾಣು ಬಿಟ್ಟುಕೊಡೋಕಾಗಲ್ಲ, ಆದರೆ ಸ್ವಲ್ಪ ಬದಲಿಸಿಕೊಳ್ಳಬಹುದು. ಬದಲಿಸಿಕೊಂಡಾಗ ಮಾತ್ರೆ ನಾಟೋದಿಲ್ಲ. ಅದಕ್ಕೇ ಹೊಸ ಗುರಿಗಳು ಬೇಕು, ಮತ್ತು ತಪ್ಪು ಗುರಿ ಹಿಂದೆ ಹೋದರೆ ವರ್ಷಗಳೇ ವ್ಯರ್ಥ.

ಒಂದು ಕೊನೆ ಮಾತು. ಮನ್ಯಾಗ ಯಾರಿಗಾದ್ರೂ ಎರಡು ವಾರ ದಾಟಿ ಕೆಮ್ಮು ಇದ್ರ ಬರೀ ಸಿರಪ್ ಕುಡಿಸಿ ಸುಮ್ಮನಾಗಬ್ಯಾಡ್ರಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಪುಕ್ಕಟೆ ಮಾಡ್ತಾರ. "ಪರೀಕ್ಷೆ ಮಾಡ್ರಿ" ಅಂತ ಬಾಯಿಬಿಟ್ಟು ಕೇಳ್ರಿ. ಆಗ ತುಮಕೂರಿನ ಆ ಮಂದಿ ಪರವಾಗಿ ಯಾರೂ ಕೇಳಿರಲಿಲ್ಲ.

ನಿಮಗ ಗೊತ್ತಿರೋ ರಿಜಿಸ್ಟರಿನಾಗ ಯಾವ ಜಾಗ ಖಾಲಿ ಐತಿ? ಕಾಮೆಂಟಿನಾಗ ಬರೀರಿ 👇

#ಲೆಕ್ಕದಇತಿಹಾಸ #ಮಾಗಡಿ #ಗದಗ #ಟಿಬಿ #ಬಿಕಾಂಹುಡುಗರು