ಹಲಗಲಿಯ ಲಾವಣಿ

ಕಲ್ಪಿಸಿ ಹೇಳಿದುದು ಕಥೆ, ನಡೆದುದನ್ನರಿತು ಹೇಳಿದುದು ಆಖ್ಯಾಯಿಕೆ ಎಂದು ಅಮರಸಿಂಹನು ವಿಂಗಡಿಸಿದನು. ಬಾಣಭಟ್ಟನ ಕಾದಂಬರಿಯು ಮೊದಲನೆಯದಕ್ಕೂ ಹರ್ಷಚರಿತವು ಎರಡನೆಯದಕ್ಕೂ ನಿದರ್ಶನಗಳು. ದಂಡಿಯಾದರೋ ಈ ಭೇದವನ್ನೊಪ್ಪದೆ, ಇವು ಒಂದೇ ಜಾತಿಯ ಎರಡು ಹೆಸರುಗಳೆಂದು ತಳ್ಳಿಹಾಕಿದನು. ಪಂಡಿತರ ಗ್ರಂಥಗಳ ಮಟ್ಟಿಗೆ ದಂಡಿಯ ಮಾತು ಸಲ್ಲಬಹುದು. ಜನಪದ ಸಾಹಿತ್ಯದಲ್ಲಿ ಮಾತ್ರ ಅಮರಸಿಂಹನ ಭೇದವೇ ಸ್ಪಷ್ಟವಾಗಿ ಕಾಣುವುದು. ಅಜ್ಜಿಯ ಕಥೆಯಲ್ಲಿ ಅರಸನಿಗೆ ಹೆಸರಿಲ್ಲ, ಊರಿಗೆ ಗುರುತಿಲ್ಲ, ಕಾಲಕ್ಕೆ ಲೆಕ್ಕವಿಲ್ಲ. ಐತಿಹಾಸಿಕ ಲಾವಣಿಯಲ್ಲಿ ಇವೆಲ್ಲವೂ ಉಂಟು. ಅದು ಓದುಬರಹವಿಲ್ಲದವರ ಆಖ್ಯಾಯಿಕೆ.

ಹಲಗಲಿಯು ಮುಧೋಳದ ಬಳಿಯ ಒಂದು ಸಣ್ಣ ಗ್ರಾಮ. 1857ರಲ್ಲಿ ಉತ್ತರದೇಶದ ದಂಗೆಗೆ ಬೆದರಿದ ಕಂಪನಿ ಸರ್ಕಾರವು ಪ್ರಜೆಗಳ ಆಯುಧಗಳನ್ನು ಕಿತ್ತುಕೊಳ್ಳಲು ಹೊರಟಿತು. ಬೇಡರಿಗೆ ಆಯುಧವೆಂದರೆ ಜೀವನೋಪಾಯ, ಮಾನ, ಕುಲಧರ್ಮ ಮೂರೂ ಹೌದು. ಅವರು ಕೊಡೆವೆಂದರು. ನವೆಂಬರ್ ತಿಂಗಳ ಕೊನೆಯಲ್ಲಿ ಸೈನ್ಯವು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು.

ಈ ವೃತ್ತಾಂತವನ್ನು ಲಾವಣಿಕಾರನು ವಿಲಾಯತಿಯ ಹುಕುಮಿನಿಂದ ಆರಂಭಿಸಿ ಊರು ಬೂದಿಯಾಗುವವರೆಗೆ ಹೇಳುತ್ತಾನೆ. ಹನುಮ, ಬಾಲ, ಜಡಗ, ರಾಮ ಎಂದು ಮುಂದಾಳುಗಳ ಹೆಸರುಗಳನ್ನು ಹಿಡಿಯುತ್ತಾನೆ. ಆದರೆ ಆ ಹಾಡಿನ ನಿಜವಾದ ಬೆಲೆಯಿರುವುದು ಕೊಳ್ಳೆಯ ವರ್ಣನೆಯಲ್ಲಿ. ಸಿಪಾಯಿಗಳು ಒಯ್ದುದು ಹೊನ್ನನ್ನಲ್ಲ. ಕೊಡಲಿ, ಕಬ್ಬಿಣ, ಹಾಲು, ಬೆಣ್ಣೆ, ಉಪ್ಪು, ಎಣ್ಣೆ, ಜೀರಿಗೆ, ಬೆಲ್ಲ! ಬಡವರ ಅಡಿಗೆಮನೆಯ ಈ ಪಟ್ಟಿಯನ್ನು ಯಾವ ದಂಡನಾಯಕನು ತನ್ನ ವರದಿಯಲ್ಲಿ ಬರೆದಾನು? ಸತ್ತವರ ಸಂಖ್ಯೆ, ತಿಂಗಳು, ದಿನಗಳಿಗೆ ಕಾಗದಪತ್ರಗಳನ್ನೇ ನೋಡಬೇಕು. ಹಾಡುಗಾರನಲ್ಲಿ ಉತ್ಪ್ರೇಕ್ಷೆ ಸಹಜ. ಒಂದು ಊರು ಹಾಳಾಗುವುದೆಂದರೇನೆಂದು ತಿಳಿಯಬೇಕಾದವರು ಲಾವಣಿಯನ್ನೇ ಕೇಳಬೇಕು.

ಇದನ್ನು ಉಳಿಸಿಕೊಟ್ಟವರು ಯಾರೆಂಬುದೂ ವಿಚಿತ್ರವೇ. ಮುಂಬಯಿ ಇಲಾಖೆಯ ಅಧಿಕಾರಿಯೂ ಶಾಸನವಿದ್ವಾಂಸರೂ ಆಗಿದ್ದ ಜಾನ್ ಫೇತ್‌ಫುಲ್ ಫ್ಲೀಟರು ಕನ್ನಡ ಲಾವಣಿಗಳನ್ನು ಸಂಗ್ರಹಿಸಿ, ಇಂಗ್ಲಿಷ್ ಅನುವಾದದೊಡನೆ 1885ರಿಂದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಿಸಿದರು. ಹಲಗಲಿಯ ಹಾಡು ಅವುಗಳಲ್ಲೊಂದು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಹಾಡೂ, ಸ್ವತಃ ಆ ಸರ್ಕಾರವೇ ಹೇರಿದ ಆದಾಯತೆರಿಗೆಯ ಹಾಡೂ ಅಲ್ಲಿವೆ. ತಾಮ್ರಪಟ, ಶಿಲಾಲೇಖಗಳನ್ನೋದಿ ಚಾಲುಕ್ಯ ರಾಷ್ಟ್ರಕೂಟರ ವಂಶಾವಳಿಗಳನ್ನು ನಿರ್ಣಯಿಸುತ್ತಿದ್ದ ಆ ವಿದ್ವಾಂಸರಿಗೆ ಬೀದಿಯ ಹಾಡೂ ಒಂದು ಶಾಸನವೆಂದು ತೋರಿದುದು ದೊಡ್ಡ ಮಾತು. ಅದೇ ಕಾಲದಲ್ಲಿ ನಮ್ಮ ಪಂಡಿತರಲ್ಲಿ ಬಹುಮಂದಿ ಲಾವಣಿಯನ್ನು ಗ್ರಾಮ್ಯವೆಂದು ದೂರವಿಟ್ಟಿದ್ದರು.

ಶಾಸನದ ಕೊನೆಯಲ್ಲಿ ಬರೆದ ಕವಿಯ ಹೆಸರಿರುವುದುಂಟು. ಹಲಗಲಿಯ ಲಾವಣಿಯ ಕೊನೆಯಲ್ಲಿರುವುದು ಕುರ್ತಕೋಟಿಯ ಕಲ್ಮೇಶ್ವರನ ಹೆಸರು.