ಕೊಡಲಿ ಗೇಮಿಗೂ ಒಂದು ಹೆಸರಿತ್ತು

ಗುತ್ತೂರಿನ ನಮ್ಮ ಓಣಿಯಲ್ಲಿ ಅದಕ್ಕೆ ಕೊಡಲಿ ಗೇಮ್ ಅಂತಲೇ ಹೆಸರು. ಬಿಳಿ ಟೋಪಿಯವನೊಬ್ಬ ಹುಲ್ಲಿನ ಲಂಗ ಸುತ್ತಿಕೊಂಡು ಕಾಡಿನಲ್ಲಿ ಓಡುತ್ತಾನೆ, ಬಸವನಹುಳ ಎದುರಾದರೆ ಕಲ್ಲಿನ ಕೊಡಲಿ ಎಸೆಯುತ್ತಾನೆ. ಹಣ್ಣು ತಿನ್ನುತ್ತಲೇ ಇರಬೇಕು, ಇಲ್ಲದಿದ್ದರೆ ಶಕ್ತಿ ಕರಗಿ ಸಾಯುತ್ತಾನೆ. ಮೊಟ್ಟೆ ಒಡೆದಾಗ ಬದನೆಕಾಯಿ ಬಂತೋ, ಕೆಟ್ಟಂತೆಯೇ. ಶಕ್ತಿ ಸರಸರ ಇಳಿಯುತ್ತದೆ. ರೊಟ್ಟಿ ಜೊತೆ ಎಣ್ಣೆಗಾಯಿ ತಿಂದು ಬೆಳೆದ ನಮಗೆ, ಬದನೆಕಾಯಿ ಮೇಲೆ ಇಷ್ಟು ಸಿಟ್ಟು ಯಾರಿಗೆ ಅನ್ನಿಸುತ್ತಿತ್ತು.

ಆಗಿನ ಟಿವಿ ಗೇಮ್ ಡಬ್ಬಿಗಳು ನಿಮಗೂ ನೆನಪಿರಬಹುದು. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತಂದ ಫ್ಯಾಮಿಕಾಮ್ ಯಂತ್ರದ ನಕಲುಗಳವು. ಕ್ಯಾಸೆಟ್ ಮೇಲೆ 9999999 ಆಟ ಅಂತ ಬರೆದಿರೋದು, ಒಳಗೆ ನಾಲ್ಕಾರು ಆಟಗಳೇ ತಿರುಗಿ ತಿರುಗಿ ಬರೋವು. ಮಾಡಿದವರು ಯಾರು ಅಂತ ಎಲ್ಲೂ ಇಲ್ಲ. ನಾವು ಕೊಟ್ಟ ದುಡ್ಡಲ್ಲಿ ಅವರಿಗೆ ಒಂದು ಪೈಸೆಯೂ ಹೋಗಿರಲಿಕ್ಕಿಲ್ಲ. ಊರಿನ ಹೆಸರಲ್ಲೇ 400 ಕೆವಿ ವಿದ್ಯುತ್ ಸ್ಟೇಷನ್ ಇದ್ದರೂ ಸಂಜೆ ಕರೆಂಟು ಹೋಗುತ್ತಿತ್ತು. ಬಂದ ಮೇಲೆ ಕ್ಯಾಸೆಟ್ ತೆಗೆದು, ಉಫ್ ಅಂತ ಊದಿ, ಮತ್ತೆ ಮೊದಲನೇ ಕಾಡಿನಿಂದ ಶುರು.

ಆಟದ ಹುಟ್ಟು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಅದರ ಮೂಲ 'ವಂಡರ್ ಬಾಯ್'. 1986ರಲ್ಲಿ, ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಕ್ಕಾಗಿ ರ್ಯುಇಚಿ ನಿಶಿಝಾವಾ ಮತ್ತು ಅವರ ಪುಟ್ಟ ಕಂಪನಿ ಮಾಡಿದ್ದು. ಹೆಸರು ಮತ್ತು ಹುಡುಗನ ಚಿತ್ರದ ಹಕ್ಕು ಪ್ರಕಟಿಸಿದ ಸೆಗಾ ಕಂಪನಿಯದು, ಆಟ ಮಾತ್ರ ಮಾಡಿದವರದು. ಹಾಗಾಗಿ ಹಡ್ಸನ್ ಎಂಬ ಇನ್ನೊಂದು ಕಂಪನಿ ಅದೇ ಆಟ ಪಡೆದು, ಹುಡುಗನ ಜಾಗಕ್ಕೆ ತನ್ನದೇ ನೌಕರ ತಕಾಹಾಶಿಯನ್ನು ಕೂರಿಸಿ 'ಅಡ್ವೆಂಚರ್ ಐಲ್ಯಾಂಡ್' ಅಂತ ಮಾರಿತು. ಸೆಕೆಂಡಿಗೆ 16 ಸಲ ಬಟನ್ ಒತ್ತುತ್ತಾನೆ ಅಂತ ಜಪಾನಿನ ಮಕ್ಕಳಲ್ಲಿ ಹೆಸರಾದ ಮನುಷ್ಯ ಆತ. ನಮ್ಮ ಓಣಿಯಲ್ಲಿ ದಿನಾ ಬಸವನಹುಳಕ್ಕೆ ಸಿಕ್ಕಿ ಸಾಯುತ್ತಿದ್ದವನು ಇವನೇ!

ಆ ಕಂಪನಿ ಮುಂದೆ ವೆಸ್ಟೋನ್ ಆಯಿತು. ಜಪಾನಿ ಭಾಷೆಯಲ್ಲಿ ನಿಶಿ ಅಂದರೆ ಪಡುವಣ, ಇಶಿ ಅಂದರೆ ಕಲ್ಲು. ನಿಶಿಝಾವಾ ಮತ್ತು ಜೊತೆಗಾರ ಇಶಿಝುಕಾ ಹೆಸರುಗಳನ್ನು ಇಂಗ್ಲಿಷಿಗೆ ತಂದು ಬೆಸೆದದ್ದು. 1989ರಲ್ಲಿ ಅವರು ಸೆಗಾದ ಮನೆಯ ಯಂತ್ರಕ್ಕೆ 'ದಿ ಡ್ರ್ಯಾಗನ್ಸ್ ಟ್ರ್ಯಾಪ್' ಮಾಡಿದರು. 2014ರಲ್ಲಿ ಕಂಪನಿ ಮುಚ್ಚಿತು.

ಮುಚ್ಚಿದ ಕಂಪನಿಯ ಆ ಆಟ 2017ರಲ್ಲಿ ಎದ್ದು ಬಂತು. ಪ್ಯಾರಿಸಿನ ಲಿಝರ್ಡ್‌ಕ್ಯೂಬ್ ತಂಡದ ಓಮರ್ ಕೊರ್ನು ಚಿಕ್ಕಂದಿನಿಂದ ಅದನ್ನು ಆಡಿದವರು, ಸೆಗಾದ ಹಳೇ ಯಂತ್ರವನ್ನು ಕಂಪ್ಯೂಟರಿನಲ್ಲಿ ಓಡಿಸುವ ತಂತ್ರಾಂಶ ಬರೆದವರು. ಅವರು ಆಟವನ್ನು ಅಂದಾಜಿನಲ್ಲಿ ಮತ್ತೆ ಕಟ್ಟಲಿಲ್ಲ. ಹಳೇ ಆಟದ ಯಂತ್ರಭಾಷೆಯನ್ನೇ ಬಿಡಿಸಿ ಓದಿ, ನೆಗೆತ ಎಷ್ಟು ಎತ್ತರ, ಕತ್ತಿ ಎಷ್ಟು ಹೊತ್ತಿಗೆ ತಾಗುತ್ತದೆ ಎಂಬುದನ್ನೆಲ್ಲ ಇದ್ದಂತೆಯೇ ಇಟ್ಟುಕೊಂಡರು. ನಿಶಿಝಾವಾ ಅವರ ಸಹಕಾರವೂ ಇತ್ತು. ಮೇಲಿನ ಚಿತ್ರಗಳನ್ನೆಲ್ಲ ಬೆನ್ ಫಿಕೆ ಕೈಯಿಂದ ಹೊಸದಾಗಿ ಬರೆದರು. ಆಡುತ್ತಾ ಆಡುತ್ತಾ ಒಂದು ಬಟನ್ ಒತ್ತಿದರೆ 1989ರ ಚೌಕ ಚೌಕ ಚಿತ್ರ, ಇನ್ನೊಮ್ಮೆ ಒತ್ತಿದರೆ ಹೊಸ ಚಿತ್ರ. ಹಳೇ ಆಟದಲ್ಲಿ ನೋಟ್‌ಬುಕ್ಕಿಗೆ ಬರೆದುಕೊಂಡ ಪಾಸ್‌ವರ್ಡ್ ಇಂದಿಗೂ ನಡೆಯುತ್ತದೆ! ಇದಕ್ಕಿಂತ ದೊಡ್ಡ ಮರ್ಯಾದೆ ಹಳೇ ಆಟಗಾರನಿಗೆ ಇನ್ನೇನು ಬೇಕು? ನೆಗೆತ ಸ್ವಲ್ಪ ಜಾರುತ್ತದೆ ಅನ್ನುವವರಿದ್ದಾರೆ. ಜಾರಲಿ ಬಿಡಿ, ಅದನ್ನು ಸರಿಮಾಡಿದ್ದರೆ ಅದು ಬೇರೆಯೇ ಆಟ ಆಗುತ್ತಿತ್ತು.

ದಾವಣಗೆರೆಯ ರೂಮಿನಲ್ಲಿ ನಾವೆಲ್ಲ ಸೇರಿ ಅದನ್ನು ದುಡ್ಡು ಕೊಟ್ಟೇ ತಗೊಂಡೆವು. ಹೊಸ ಆಟದಲ್ಲಿ ಹುಡುಗಿಯಾಗಿಯೂ ಆಡಬಹುದು. ನಮ್ಮಲ್ಲೊಬ್ಬನ ಅಕ್ಕ ಊರಿಂದ ಬಂದಿದ್ದರು. ಓಣಿಯಲ್ಲಿ ಗಂಡುಹುಡುಗರದ್ದು ಮುಗಿದ ಮೇಲೆ ಅವರ ಪಾಳಿ, ಅಷ್ಟರಲ್ಲಿ ಕರೆಂಟು ಹೋಗಿರೋದು.

"ಕೊಡ್ರೋ ಇಲ್ಲಿ, ನನ್ನ ಪಾಳಿ ಎಲ್ಲೂ ಹೋಗಿಲ್ಲ," ಅಂದರು.

ಹುಡುಗಿಯನ್ನೇ ಆರಿಸಿಕೊಂಡರು. ಊಟಕ್ಕೆ ಕರೆದರೂ ಏಳಲಿಲ್ಲ.